ಆದಾಯದ ಕಾಲಮಿನಲ್ಲಿ 24,000

ಕಳೆದ ವಾರ ನಮ್ಮ ಓಣಿಯ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಸಾಲದ ಕಾರ್ಡುಗಳನ್ನು ಹಿಡಿದುಕೊಂಡು ಮನೆಗೆ ಬಂದರು. "ಕಾಕಾ, ತಿಂಗಳಿಗೆ ಎಷ್ಟು ಕಟ್ಟುತ್ತಿದ್ದೇನೆ, ಸ್ವಲ್ಪ ಕೂಡಿಸಿ ಹೇಳಿ" ಎಂದರು. ಬನಹಟ್ಟಿಯ ಪತ್ತಿನ ಸಂಘವೊಂದರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು ನಾನು. ನಿವೃತ್ತಿಯಾದರೂ ಓಣಿಯವರ ಲೆಕ್ಕ ನನ್ನನ್ನು ಬಿಟ್ಟಿಲ್ಲ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆವು. ಒಂದು ಸಂಘಕ್ಕೆ ತಿಂಗಳಿಗೆ 2,700, ಇನ್ನೊಂದಕ್ಕೆ 2,250. ಮೂರನೆಯದು ಹದಿನೈದು ದಿನಕ್ಕೊಮ್ಮೆ 1,150. ನಾಲ್ಕನೆಯದು ವಾರದ ಕಂತು, 520. ಇವೆಲ್ಲದರ ಮೇಲೆ ಮಗನ ಮೊಬೈಲಿನ ಕಂತು 1,400. ವಾರದ್ದನ್ನು ನಾಲ್ಕೇ ವಾರ ಎಂದು ಹಿಡಿದರೂ 10,730 ರೂಪಾಯಿ ಆಯಿತು. ಗಂಡ ಬೇರೆಯವರ ಮಗ್ಗ ನಡೆಸುತ್ತಾರೆ, ಇವರು ಕಂಡಿಕೆ ಸುತ್ತುತ್ತಾರೆ. ಕರೆಂಟು ಸರಿಯಾಗಿದ್ದು, ನೂಲು ಸಿಕ್ಕ ತಿಂಗಳಲ್ಲಿ ಇಬ್ಬರದೂ ಸೇರಿ 14,000.

ಆಮೇಲೆ ಕಾರ್ಡುಗಳ ಜೊತೆಗಿದ್ದ ಅರ್ಜಿಯ ನಕಲುಗಳನ್ನು ನೋಡಿದೆ. ಮೊದಲನೆಯದರಲ್ಲಿ ಕುಟುಂಬದ ಮಾಸಿಕ ಆದಾಯ 12,000 ಎಂದಿತ್ತು. ನಾಲ್ಕನೆಯದರಲ್ಲಿ ಅದೇ ಕುಟುಂಬ, ಅದೇ ಮಗ್ಗ, ಆದಾಯ ಮಾತ್ರ 24,000! ಎರಡೂ ಕಾಲಮುಗಳನ್ನು ತುಂಬಿದ್ದು ಅವರಲ್ಲ. ಅವರು ಸಹಿ ಮಾಡಿದ್ದಾರೆ, ಅಷ್ಟೆ.

ಈ 24,000 ಎಲ್ಲಿಂದ ಬಂತೆಂದು ಲೆಕ್ಕ ಗೊತ್ತಿರುವವನಿಗೆ ತಕ್ಷಣ ಹೊಳೆಯುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವಾರ್ಷಿಕ ಆದಾಯ 3 ಲಕ್ಷದೊಳಗಿನ ಕುಟುಂಬಕ್ಕೆ ಜಾಮೀನಿಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. 24,000ವನ್ನು ಹನ್ನೆರಡರಿಂದ ಗುಣಿಸಿದರೆ 2,88,000. ಮೂರು ಲಕ್ಷದ ಗೆರೆ ದಾಟಲಿಲ್ಲ. ಅದರ ಅರ್ಧ 12,000. ಕಂತುಗಳೂ ಗೆರೆಯೊಳಗೇ ಉಳಿದವು. ಆದಾಯವನ್ನು ನೋಡಿ ಸಾಲ ಕೊಟ್ಟಿಲ್ಲ, ಸಾಲವನ್ನು ನೋಡಿ ಆದಾಯ ಬರೆದಿದ್ದಾರೆ. ಹಿಂದೆ ದಾಖಲಾದ ಆದಾಯಕ್ಕೂ ಈಗಿನದಕ್ಕೂ ವ್ಯತ್ಯಾಸವಿದ್ದರೆ ಕಾರಣ ವಿಚಾರಿಸಬೇಕೆಂದು ಅದೇ ನಿಯಮದಲ್ಲಿದೆ. ವಿಚಾರಿಸಿದವರು ಯಾರು?

ನನ್ನ ತಕರಾರು ಇಲ್ಲಿಯದು. ಸಾಲಗಾರರ ರಕ್ಷಣೆ ಎಂದಾಗಲೆಲ್ಲ ನಾವು ವಸೂಲಿಯ ಬಗ್ಗೆಯೇ ಮಾತನಾಡುತ್ತೇವೆ. 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಾಗಲೂ ಹಾಗೆಯೇ ಆಯಿತು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳುಹಿಸಿ, ಬಳಿಕ 12ರಂದು ಅಂಕಿತ ಹಾಕಿದರು. ಕಿರುಕುಳ ಕೊಟ್ಟವರಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೇಕಾಗಿತ್ತು, ಬಂತು, ಸಂತೋಷ. ಆದರೆ ಬಾಗಿಲಿಗೆ ಬಂದು ಕೂಗಾಡುವ ಹುಡುಗ ಪಕ್ಕದ ಊರಿನವನು, ತಲೆಯ ಮೇಲೆ ಗುರಿ ಹೊತ್ತವನು, ಬಹುಶಃ ಅವನ ಮನೆಯಲ್ಲಿಯೂ ಮೂರು ಕಾರ್ಡುಗಳಿವೆ. ಜೈಲಿಗೆ ಹೋದರೆ ಅವನು ಹೋಗುತ್ತಾನೆ. 24,000 ಎಂಬ ಅಂಕಿಯನ್ನು ಒಪ್ಪಿ ಹಣ ಮಂಜೂರು ಮಾಡಿದ ಕಚೇರಿಗೆ ಏನೂ ಆಗುವುದಿಲ್ಲ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಚುರುಕಾಗಿದ್ದರು ಎನಿಸುತ್ತದೆ. ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಆ ಪ್ರಾಂತ್ಯದ ಕೋರ್ಟುಗಳು ದಾಮದುಪ್ಪಟ್ ಎಂಬ ಹಳೆಯ ಹಿಂದೂ ನಿಯಮವನ್ನು ಮನ್ನಿಸುತ್ತಿದ್ದವು: ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರುವಂತಿಲ್ಲ. 1875ರಲ್ಲಿ ಪುಣೆ, ಅಹ್ಮದ್‌ನಗರದ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಅದರ ಬೆನ್ನಿಗೆ 1879ರಲ್ಲಿ ಬಂದ ಕಾಯಿದೆ, ಪತ್ರದಲ್ಲಿ ಬರೆದದ್ದನ್ನು ಬದಿಗಿಟ್ಟು ನಿಜವಾಗಿ ಕೈಗೆ ಬಂದ ಹಣವೆಷ್ಟು ಎಂದು ಕೆದಕುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ಎರಡರ ಕೈಯೂ ಹೋದದ್ದು ಸಾಹುಕಾರನ ಬಡ್ಡಿಯ ಮೇಲೆ. ನನ್ನ ಬೇಡಿಕೆಯೂ ಅದೇ. ನಿಜವಾದ ಆದಾಯದ ಅರ್ಧವನ್ನು ಮೀರಿ ಕೊಟ್ಟಿದ್ದಾರೆಂದು ಸಾಬೀತಾದರೆ ಆ ಕೊನೆಯ ಸಾಲದ ಬಡ್ಡಿ ಪೂರ್ತಿ ರದ್ದಾಗಲಿ. ಅಸಲನ್ನು ಸಾವಕಾಶವಾಗಿ ಕಟ್ಟಿಸಿಕೊಳ್ಳಲಿ. ಬಡ್ಡಿ ಹೋಗುತ್ತದೆ ಎಂದರೆ ಆ ಕಾಲಮನ್ನು ಮ್ಯಾನೇಜರ್ ತಾನೇ ಬಂದು ಮಗ್ಗದ ಮುಂದೆ ಕುಳಿತು ತುಂಬಿಸುತ್ತಾನೆ.

ಸಾಲವೇ ಬೇಡ ಎನ್ನುವವರ ಜೊತೆ ನಾನಿಲ್ಲ. 2010ರಲ್ಲಿ ಆಂಧ್ರಪ್ರದೇಶ ಬಿಗಿಯಾದ ಸುಗ್ರೀವಾಜ್ಞೆ ತಂದಾಗ ಮರುಪಾವತಿ ಕುಸಿಯಿತು, ಸಂಸ್ಥೆಗಳು ಹೊಸ ಸಾಲ ನಿಲ್ಲಿಸಿದವು. ಇಲ್ಲಿ ಹಾಗಾದರೆ ನಾಳೆಯೇ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯವನು ಕಟ್ಟೆಯ ಮೇಲೆ ಬಂದು ಕೂರುತ್ತಾನೆ. ಆ ಗದ್ದಲದ ನಂತರ ರಿಸರ್ವ್ ಬ್ಯಾಂಕು ನೇಮಿಸಿದ್ದ ಮಾಲೆಗಾಂ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಬ್ಯಾಂಕು ಬಡ್ಡಿಗೆ ಶೇಕಡಾ 26ರ ಮಿತಿ ಹಾಕಿತು. 2022ರಲ್ಲಿ ಬಡ್ಡಿಯ ಮಿತಿ ತೆಗೆದು, ದರವನ್ನು ಬಹಿರಂಗವಾಗಿ ತೋರಿಸಬೇಕು ಎಂದಿತು. ತೋರಿಸಿದ್ದನ್ನು ಓದಲು ಬರುವವರಿಗೆ ಅದು ಸಾಕು.

ಆ ಮೊಬೈಲಿನದೇ ನೋಡಿ. 15,000 ಸಾಲ, "ಶೇಕಡಾ 12, ತುಂಬ ಕಡಿಮೆ" ಎಂದು ಅಂಗಡಿಯವನು ಹೇಳಿದ್ದನಂತೆ. 1,800 ಬಡ್ಡಿ ಸೇರಿಸಿ ಹನ್ನೆರಡರಿಂದ ಭಾಗಿಸಿದರೆ 1,400 ಸರಿಯೇ. ಆದರೆ ಪ್ರತಿ ತಿಂಗಳು ಅಸಲು ಇಳಿಯುತ್ತದೆ, ಬಡ್ಡಿ ಮಾತ್ರ ಪೂರ್ತಿ 15,000ಕ್ಕೇ ಬೀಳುತ್ತಿರುತ್ತದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ 21 ದಾಟುತ್ತದೆ. ಮೊದಲೇ ಮುರಿದುಕೊಂಡ 450 ರೂಪಾಯಿ ಶುಲ್ಕವನ್ನೂ ಹಿಡಿದರೆ 27ರ ಮೇಲೆ. 2024ರ ಅಕ್ಟೋಬರಿನಿಂದ ಬ್ಯಾಂಕು, ಫೈನಾನ್ಸ್‌ಗಳು ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಆ ಹಾಳೆ ಇವರ ಚೀಲದಲ್ಲಿಯೂ ಇತ್ತು, ಇಂಗ್ಲಿಷಿನಲ್ಲಿ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂಬ ನಿಯಮವನ್ನೂ ಇಂಗ್ಲಿಷಿನಲ್ಲಿಯೇ ಓದಿದರೋ ಏನೋ.

ನಾನೂ ಸಾಚಾ ಅಲ್ಲ. ನಮ್ಮ ಸಂಘದಲ್ಲಿಯೂ ಜಾಮೀನುದಾರರ ಸಹಿ ಗಟ್ಟಿಯಿದ್ದರೆ ಆದಾಯದ ಕಡೆ ಯಾರೂ ಕಣ್ಣು ಹಾಯಿಸುತ್ತಿರಲಿಲ್ಲ. ವರ್ಷದ ಕೊನೆಯಲ್ಲಿ ಗುರಿ ಮುಟ್ಟಿಸಲು ನಾನೇ ಎಷ್ಟೋ ಅರ್ಜಿಗಳಲ್ಲಿ ಸೊನ್ನೆಗಳನ್ನು ಉದಾರವಾಗಿ ಬರೆದಿದ್ದೇನೆ. ಆ ಕೈಬರಹ ಹೇಗಿರುತ್ತದೆಂದು ನನಗೆ ಗೊತ್ತಿರುವುದು ಅದಕ್ಕೇ.

ಅಂದು ಕುಳಿತು ನಾಲ್ಕನೆಯ ಸಂಸ್ಥೆಗೆ ದೂರು ಬರೆದೆವು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಓಂಬುಡ್ಸ್‌ಮನ್, ಇದ್ದಾರೆ; 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆದಾಯದ ಸಾಲು ಬಂದಾಗ ಪೆನ್ನು ನಿಲ್ಲಿಸಿ ಎಷ್ಟು ಬರೆಯಲಿ ಎಂದು ಕೇಳಿದೆ. "ಹದಿನಾಲ್ಕು ಸಾವಿರ ಎಂದು ಬರೆಯಿರಿ ಕಾಕಾ" ಎಂದವರು, ಕ್ಯಾಲೆಂಡರಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ, "ಹೋದ ತಿಂಗಳು ಹನ್ನೊಂದೇ ಬಂದಿತ್ತು, ಅದನ್ನೂ ಬರೆಯಿರಿ" ಎಂದರು.