ಕೌದಿಯನ್ನು ಅಟ್ಟಕ್ಕೆ ಹಾಕಬೇಡಿ

ಕಸೂತಿ ಅಂದರೆ ಧಾರವಾಡದವರಿಗೆಲ್ಲ ಹೆಮ್ಮೆ. ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ಹೊಲಿಗೆಗಳ ಹೆಸರನ್ನೂ ಹೇಳುತ್ತೇವೆ. ಹಳೆ ಬಟ್ಟೆ ಜೋಡಿಸಿ ಹೊಲಿದ ಹೊದಿಕೆ, ಅಂದರೆ ಕೌದಿಯ ವಿಷಯ ಬಂದರೆ ಮಾತ್ರ ಸುಮ್ಮನಾಗುತ್ತೇವೆ. ನೆಂಟರು ಬಂದರೆ ಅಂಗಡಿಯ ರಗ್ಗು ಹೊರಗೆ, ಕೌದಿ ಅಟ್ಟಕ್ಕೆ. ಜಪಾನಿನಲ್ಲಿ ನೆಲೆಸಿದ ಮೇಲೆ ಈ ನಾಚಿಕೆ ನನಗೆ ಸಂಕಟ ಕೊಡುತ್ತಿದೆ.

ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯಲ್ಲಿ ಅವೊಮೊರಿ ಇದೆ. ಅಲ್ಲಿಯ ಚಳಿಗೆ ಹತ್ತಿ ಬೆಳೆಯುವುದಿಲ್ಲ. ಎದೋ ಕಾಲದಲ್ಲಿ (1603–1868) ಅಲ್ಲಿಯ ತ್ಸುಗರು ಸೀಮೆಯ ರೈತರು ಹತ್ತಿ ಬಟ್ಟೆ ಉಡಬಾರದೆಂಬ ಕಟ್ಟಳೆಯೂ ಇತ್ತು. ಉಳಿದದ್ದು ಗಾಳಿ ನುಗ್ಗುವ ಜಾಳು ನಾರುಬಟ್ಟೆ. ಹೆಂಗಸರು ಅದರ ಕಿಂಡಿಗಳನ್ನು ಬಿಳಿ ಹತ್ತಿ ದಾರದಿಂದ ತುಂಬಿದರು. ಹಾಸಿನ (ಉದ್ದಕ್ಕಿರುವ) ಎಳೆಗಳನ್ನು 1, 3, 5 ಎಂದು ಬೆಸ ಲೆಕ್ಕದಲ್ಲಿ ಎಣಿಸುತ್ತಾ ಹೊಲಿದರು. ಇದೇ ಕೊಗಿನ್. ಪಕ್ಕದ ನಾಂಬು ಸೀಮೆಯ ಹಿಶಿಝಾಶಿ ಎಂಬ ಹೊಲಿಗೆಯದು ಸಮ ಲೆಕ್ಕ.

ಎಳೆ ಎಣಿಸುವುದರಲ್ಲಿ ಇದು ನಮ್ಮ ಕಸೂತಿಗೆ ಎಷ್ಟು ಹತ್ತಿರ ಅಲ್ವಾ? ಆದರೆ ಕಸೂತಿ ಹುಟ್ಟಿದ್ದು ಚೆಂದಕ್ಕೆ. ಇಳಕಲ್ ಸೀರೆಯ ಮೇಲೆ ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿ ಮೂಡುತ್ತವೆ. ಕೊಗಿನ್ ಹುಟ್ಟಿದ್ದು ಚಳಿಗೆ. ಆ ಲೆಕ್ಕದಲ್ಲಿ ಅದರ ಒಡಹುಟ್ಟು ನಮ್ಮ ಕೌದಿಯೇ.

ತೇಪೆಯ ಮೇಲೆ ತೇಪೆ ಹಾಕಿದ ಬಟ್ಟೆಗೆ ಜಪಾನಿನಲ್ಲಿ ಬೊರೊ ಅನ್ನುತ್ತಾರೆ. ಅದನ್ನು ತೋರಿಸಲು ಅವರಿಗೂ ನಾಚಿಕೆ ಇತ್ತು. ತನಕಾ ಚುಝಾಬುರೊ ಎಂಬವರು ಹಳ್ಳಿ ಹಳ್ಳಿ ತಿರುಗಿ ಇಂಥ ಬಟ್ಟೆಗಳನ್ನು ಕೂಡಿಟ್ಟರು. ಅವರು ಕೂಡಿಟ್ಟ ತ್ಸುಗರು, ನಾಂಬು ಸೀಮೆಗಳ ಹೊಲಿಗೆ ಹಾಕಿದ 786 ಉಡುಪುಗಳನ್ನು 1983ರಲ್ಲಿ ಸರ್ಕಾರ ಮುಖ್ಯ ಜಾನಪದ ಆಸ್ತಿ ಎಂದು ಸಾರಿತು. ಟೋಕಿಯೋದ ಅಸಕುಸಾದಲ್ಲಿ ಒಂದು ಮ್ಯೂಸಿಯಂ 2019ರವರೆಗೂ ಅವರ ಬೊರೊಗಳನ್ನು ಜನರಿಗೆ ತೋರಿಸುತ್ತಿತ್ತು. ಮುಟ್ಟಿಯೂ ನೋಡಬಹುದಿತ್ತು. ಈಗ ಫ್ಯಾಷನ್ನಿಗಾಗಿ ಹೊಸ ಬಟ್ಟೆಯನ್ನೇ ಹರಿದು ತೇಪೆ ಹಾಕಿ ಮಾರುವುದೂ ಇದೆ. ಅದು ನನಗೆ ಹಿಡಿಸುವುದಿಲ್ಲ. ಚಳಿಯಲ್ಲಿ ಬದುಕಿದವರ ಕಷ್ಟವೇ ಅದರಲ್ಲಿ ಕಾಣೆಯಾಗುತ್ತದೆ.

ಕೌದಿಯಲ್ಲಿ ಏನು ಕಡಿಮೆ ಇದೆ? ಸವೆದ ಸೀರೆ, ಧೋತರದ ಪದರುಗಳನ್ನು ಜೋಡಿಸಿ ಹಿಡಿಯುವ ಸಾಲು ಸಾಲು ಹೊಲಿಗೆ ನೋಡಿ. ಯಲ್ಲಾಪುರ, ಹಳಿಯಾಳದ, ಆಫ್ರಿಕಾ ಮೂಲದ ಸಿದ್ಧಿ ಸಮುದಾಯದ ಹೆಂಗಸರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಬಣ್ಣಕ್ಕೆ ಬಣ್ಣ ಕೂಡಿಸುವ ಅವರ ಕಣ್ಣು ಯಾವ ಕಲಾವಿದರಿಗೂ ಕಡಿಮೆ ಇಲ್ಲ.

ಧಾರವಾಡದಲ್ಲಿ ಕೌದಿಗಳಿಗೇ ಒಂದು ಮ್ಯೂಸಿಯಂ ಆಗಬೇಕು ಅನ್ನುವುದು ನನ್ನ ಆಸೆ. ಪ್ರತಿ ಕೌದಿಯ ಪಕ್ಕದಲ್ಲಿ ಹೊಲಿದವರ ಹೆಸರು, ಊರು ಇರಬೇಕು. ಅಲ್ಲಿಯವರೆಗೆ ಮನೆಯ ಕೌದಿಯನ್ನು ಕೆಳಗಿಳಿಸಿ. ಯಾವ ತುಂಡು ಯಾರ ಸೀರೆಯದು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ಓಣಿಯಲ್ಲಿ ಕೌದಿ ಹೊಲಿಯುವವರು ಬಂದರೆ ಚೌಕಾಸಿ ಮಾಡದೆ ಪೂರ್ತಿ ಕೂಲಿ ಕೊಟ್ಟು ಹೊಸದೊಂದು ಹೊಲಿಸಿ.