ಡಿಕಾಕ್ಷನ್ ಇಳಿಯುತ್ತಿಲ್ಲ ಮಾರಾಯ!

ಮನೆಯಲ್ಲಿ ಹಿತ್ತಾಳೆಯ ಫಿಲ್ಟರ್ ಇದೆಯೆಂದು ನೆಂಟರಿಗೆ ಗೊತ್ತಾದರೆ ಸಾಕು, ಕಾಫಿಯ ಸಕಲ ಸಂಶಯಗಳೂ ನಮ್ಮ ತಲೆಗೇ ಬರುತ್ತವೆ. ಆಷಾಢದ ಮಳೆಯಲ್ಲಿ ಮಂಗಳೂರಿನ ಉಪ್ಪು, ಹಪ್ಪಳ, ಬೆಂಕಿಪೊಟ್ಟಣಗಳೆಲ್ಲ ಒದ್ದೆಯಾಗಿರುವಾಗ ಈ ಫೋನುಗಳು ಇನ್ನೂ ಹೆಚ್ಚು.

ಮೊನ್ನೆ ಕದ್ರಿಯಿಂದ ಭಾವ ಕರೆ ಮಾಡಿದರು. "ಡಿಕಾಕ್ಷನ್ ಇಳಿಯುತ್ತಿಲ್ಲ ಮಾರಾಯ, ಒಂದು ಗಂಟೆಯಾಯಿತು." ಹಿಂದಿನಿಂದ ಚಮಚದಲ್ಲಿ ಫಿಲ್ಟರಿಗೆ ಬಡಿಯುವ ಟಣಟಣ ಸದ್ದು. ಪುಡಿ ತೀರ ನುಣ್ಣಗಿದ್ದರೆ, ತೂತಿನ ತಟ್ಟೆಯಿಂದ ಅದನ್ನು ಬಲವಾಗಿ ಅದುಮಿದ್ದರೆ ನೀರಿಗೆ ದಾರಿಯೇ ಇರುವುದಿಲ್ಲ. ಪುಡಿಗೆ ಬೆರೆಸುವ ಚಿಕೋರಿ ಹೆಚ್ಚಿದ್ದರಂತೂ ನೆನೆದು ಉಬ್ಬಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಮೆಲ್ಲಗೆ ಕಲಕಿ ನೋಡಿ ಎಂದೆ. ಭಾವ ಇಂಜಿನಿಯರು, ಕಲಕುವುದು ಅವರ ಅಂತಸ್ತಿಗೆ ಕಡಿಮೆ. ಮೇಲಿನ ಪಾತ್ರೆಯನ್ನು ಎತ್ತಿ ಹಿಡಿದು, ತೂತುಗಳಿಗೆ ಬಾಯಿಟ್ಟು ಕೆಳಗಿನಿಂದ ಊದಿದರು. ಅಷ್ಟು ಹೊತ್ತು ಹಟ ಹಿಡಿದಿದ್ದ ಡಿಕಾಕ್ಷನ್ ಆಗ ಇಳಿಯಿತು: ಗಡ್ಡದಿಂದ ಬನಿಯನ್ನಿಗೆ, ಬನಿಯನ್ನಿನಿಂದ ಲುಂಗಿಗೆ. ಪುಣ್ಯಕ್ಕೆ ನೀರು ತಣಿದಿತ್ತು. ಈ ವಿವರ ಕೊಟ್ಟವಳು ಅಕ್ಕ, ನಗು ತಡೆಯಲಾಗದೆ ಕಂತುಕಂತಾಗಿ.

ದೊಡ್ಡಮ್ಮನ ಪ್ರಶ್ನೆ ಬೇರೆ. ಪುಡಿ ಗಂಟು ಕಟ್ಟುತ್ತದೆಂದು ಅವರು ಅದನ್ನು ಫ್ರಿಜ್ಜಿನಲ್ಲಿಟ್ಟಿದ್ದರು, ಅದೂ ಬಾಯಿ ತೆರೆದ ಪೊಟ್ಟಣದಲ್ಲಿ, ಒಣಮೀನಿನ ಪಕ್ಕದಲ್ಲಿ. ಕಾಫಿಪುಡಿ ತೇವವನ್ನೂ ವಾಸನೆಯನ್ನೂ ಭೇದವಿಲ್ಲದೆ ಹೀರಿಕೊಳ್ಳುತ್ತದೆ. ಮದುವೆಯ ಮಾತುಕತೆಗೆ ಬಂದವರು ಮೊದಲ ಗುಟುಕಿಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಹೊರಗೇ ಇಡಿ, ಸ್ವಲ್ಪಸ್ವಲ್ಪವೇ ತನ್ನಿ ಎಂದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಮ್ಮ ಮಳೆಗಾಳಿಯನ್ನು ಅವರು ಬೈಯುತ್ತಿದ್ದುದು ಕೇಳಿ, ಇದೇ ಗಾಳಿಗೆ ಹೊರದೇಶದಲ್ಲಿ ಬೆಲೆಯಿದೆ ಎಂದುಬಿಟ್ಟೆ. ಹಾಯಿಹಡಗಿನ ಕಾಲದಲ್ಲಿ ಈ ಕರಾವಳಿಯಿಂದ ಯುರೋಪಿಗೆ ಹೊರಟ ಕಾಫಿಬೀಜ ತಿಂಗಳುಗಟ್ಟಲೆ ಸಮುದ್ರದ ತೇವ ಕುಡಿದು ಬಣ್ಣಗೆಟ್ಟು ತಲುಪುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಒಗ್ಗಿತ್ತು. ಉಗಿಹಡಗುಗಳು ಬಂದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಹತ್ತಿರವಾದಾಗ ಬೀಜ ಚೆನ್ನಾಗಿಯೇ ತಲುಪತೊಡಗಿತು, ರುಚಿ ಹೋಯಿತು. ಹಾಗಾಗಿ ಇಲ್ಲಿನ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ, ಕೈಯಾಡಿಸುತ್ತ ಉಬ್ಬಿಸುವ ಪದ್ಧತಿ ಬಂತು. ಬೀಜ ಬಿಳಿಚಿಕೊಳ್ಳುತ್ತದೆ, ಹುಳಿ ಇಳಿಯುತ್ತದೆ. ಅದೇ ಮಾನ್ಸೂನ್ಡ್ ಮಲಬಾರ್ ಕಾಫಿ.

"ಹಾಗಾದರೆ ನನ್ನ ಗಂಟು ಕಟ್ಟಿದ ಪುಡಿಯನ್ನೂ ತೆಗೆದುಕೊಳ್ಳುತ್ತಾರೋ?" ಎಂದರು ದೊಡ್ಡಮ್ಮ. ಅದು ಹುರಿಯದ ಬೀಜದ ಮಾತು, ಹುರಿದ ಪುಡಿಗೆ ಈ ಭಾಗ್ಯವಿಲ್ಲ ಎಂದು ತಿಳಿಸಿದೆ. ಒಣಮೀನಿನ ವಿಷಯ ಮತ್ತೆ ಎತ್ತಲಿಲ್ಲ.

ಇನ್ನು ಚಿಕ್ಕಪ್ಪ. ಅವರಿಗೆ ರಾತ್ರಿ ಕಾಫಿ ಬೇಕು, ನಿದ್ದೆಯೂ ಬೇಕು. ಕಾಫಿಯ ಎರಡು ಜಾತಿಗಳಲ್ಲಿ ರೋಬಸ್ಟಾಕ್ಕಿಂತ ಅರೇಬಿಕಾದಲ್ಲಿ ನಿದ್ದೆಗೆಡಿಸುವ ಕೆಫೀನ್ ಸುಮಾರು ಅರ್ಧ, ಚಿಕೋರಿಯಲ್ಲಿ ಇಲ್ಲವೇ ಇಲ್ಲ, ಅದು ಒಂದು ಬೇರು ಎಂದೆ. ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣ ಬರೆದಿರುತ್ತದೆ, ಕಾನೂನಿನ ಪ್ರಕಾರ ಶೇಕಡಾ 49ರವರೆಗೂ ಇರಬಹುದು ಎಂದದ್ದೇ ತಡ, ಅವರು ಕನ್ನಡಕ ಹುಡುಕಿ ಅಕ್ಷರ ಓದಿದರು. ನಿದ್ದೆಯ ಚಿಂತೆ ಹಾರಿಹೋಯಿತು. "ಇಷ್ಟು ವರ್ಷ ಬೇರಿಗೂ ಕಾಫಿಯ ದರವೇ ಕೊಟ್ಟೆನಲ್ಲ!" ಎಂದು ಅಂಗಡಿಗೆ ಹೊರಟೇಬಿಟ್ಟರು. ಚಿಕ್ಕಮ್ಮ ಕೈಗೆ ಕೊಡೆ ಕೊಟ್ಟು, ಜಗಳ ಮುಗಿದ ಮೇಲೆ ಅರ್ಧ ಲೀಟರ್ ಹಾಲು ತರಲು ಹೇಳಿದರು.