ಹೊಲಿಗೆ ಹಾಕಿದ ಮೇಲೂ ಆಂಟಿಬಯಾಟಿಕ್ ಬೇಕಾ?

ಪರ: ಇನ್ನೂ ಐದು ದಿನ ಕೊಡಲಿ

ಹೋದ ಮಳೆಗಾಲದಲ್ಲಿ ಅಮ್ಮನ ದೊಡ್ಡ ಕರುಳಿನ ಗಡ್ಡೆ ತೆಗೆಸಿದೆವು. ಆಪರೇಷನ್ ಮುಂಬೈಯಲ್ಲಿ, ಮನೆ ಡೊಂಬಿವಲಿಯಲ್ಲಿ. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಕೊಟ್ಟ ಆಂಟಿಬಯಾಟಿಕ್ ಇಂಜೆಕ್ಷನ್ನೇ ಸಾಕು, ಇನ್ನು ಬೇಡ ಅಂದರು ಡಾಕ್ಟರ್. ನನಗೆ ಸಮಾಧಾನ ಆಗಲಿಲ್ಲ.

ಕರುಳಿನ ತುಂಬ ಬ್ಯಾಕ್ಟೀರಿಯಾ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸೋಂಕು ತಕ್ಷಣ ಕಾಣುವುದೂ ಇಲ್ಲ, ಎಷ್ಟೋ ಸಲ ಮನೆಗೆ ಬಂದ ಮೇಲೆ ಗಾಯ ಕೆಂಪಾಗುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ. ನಮ್ಮ ಗೋಡೆಗೆಲ್ಲ ಮಳೆಯ ಪಸೆ. ಹಳಿ ಮೇಲೆ ನೀರು ನಿಂತ ದಿನ ಲೋಕಲ್ ಕೂಡ ಇಲ್ಲ, ಆಸ್ಪತ್ರೆಗೆ ಹೇಗೆ ಕರೆದುಕೊಂಡು ಹೋಗಲಿ? ಓಟಿಯೊಳಗೆ ಇಂಜೆಕ್ಷನ್ ಸರಿಯಾದ ಹೊತ್ತಿಗೆ ಕೊಟ್ಟರೋ ಇಲ್ಲವೋ, ಹೊರಗೆ ಬೆಂಚಿನ ಮೇಲೆ ಕೂತ ನಮಗೆ ಹೇಗೆ ಗೊತ್ತಾಗಬೇಕು?

ವಿರೋಧ: ಹೊತ್ತಿಗೆ ಕೊಟ್ಟಿದ್ದರೆ ಅಷ್ಟೇ ಸಾಕು

ಈ ಭಯ ನನಗೆ ಗೊತ್ತು. ಮಾಟುಂಗಾದ ಮನೆಯಿಂದ ಓಟಿ ಡ್ಯೂಟಿಗೆ ಹೋಗುವ ನರ್ಸ್ ನಾನು. ಕನ್ನಡದವಳು ಅಂತ ಗೊತ್ತಾದರೆ ಊರಿನವರು ಮೊದಲು ಕೇಳುವುದೇ ಇದನ್ನು.

ಔಷಧಿ ಹೋಗುವ ದಾರಿ ನೋಡಿ. ರಕ್ತನಾಳಕ್ಕೆ ಹಾಕಿದ ಸೆಫಜೋಲಿನ್ ಎಂಬ ಆಂಟಿಬಯಾಟಿಕ್ ಸಣ್ಣ ನಾಳಗಳ ಗೋಡೆ ದಾಟಿ ಕರುಳಿಗೆ, ಚರ್ಮದ ಕೆಳಗಿನ ಕೊಬ್ಬಿಗೆ ಇಳಿಯಬೇಕು. ಅದರ ಬಹುಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಉಳಿದದ್ದು ಮಾತ್ರ ದಾಟುತ್ತದೆ. ಕೊಬ್ಬಿನಲ್ಲಿ ರಕ್ತದ ಓಡಾಟವೇ ಕಮ್ಮಿ, ಅಲ್ಲಿಗೆ ತಲುಪುವ ಔಷಧಿಯೂ ಕಮ್ಮಿ. ಅದಕ್ಕೇ ಬೇರೆಯವರಿಗೆ 2 ಗ್ರಾಂ ಆದರೆ 120 ಕಿಲೋ ದಾಟಿದವರಿಗೆ 3 ಗ್ರಾಂ ಕೊಡುವುದುಂಟು. ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಇದು ಮೈಯೊಳಗೆ ಹೋಗಿರಬೇಕು. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಪರೇಷನ್ ನಾಲ್ಕು ಗಂಟೆ ದಾಟಿದರೆ, ಒಂದೂವರೆ ಲೀಟರಿಗಿಂತ ಜಾಸ್ತಿ ರಕ್ತ ಹೋದರೆ, ಇನ್ನೊಂದು ಡೋಸ್. ಜೊತೆಗೆ ಕೊಡುವ ಇನ್ನೊಂದು ಆಂಟಿಬಯಾಟಿಕ್ ಮೆಟ್ರೊನಿಡಜೋಲ್ ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ನಾನು ಗೋಡೆ ಗಡಿಯಾರದ ಮೇಲೆ ಕಣ್ಣಿಟ್ಟಿರುವುದು ಇದಕ್ಕೇ. ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ ನೀವೂ ಕೇಳಿ, ತಪ್ಪೇನಿಲ್ಲ. ಕೊಟ್ಟ ಹೊತ್ತನ್ನು ಬರೆದಿಟ್ಟಿರಬೇಕು.

ಹೊಲಿದ ಮೇಲೆ ಗಾಯದೊಳಗೆ ಹೆಪ್ಪುಗಟ್ಟಿದ ರಕ್ತಕ್ಕೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ರೋಗಾಣು ಬರುವ ಮೊದಲೇ ಅದು ಅಲ್ಲಿ ಇರಬೇಕಿತ್ತು, ಅಲ್ವಾ? ಆಪರೇಷನ್ ಮುಗಿದ ಮೇಲೆ ಮುನ್ನೆಚ್ಚರಿಕೆಗೆಂದು ಮುಂದುವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಕರುಳು ಮೊದಲೇ ಒಡೆದು ಹೊಟ್ಟೆಯಲ್ಲಿ ಕೀವಿದ್ದರೆ ಆಗ ಆಂಟಿಬಯಾಟಿಕ್ ಮುಂದುವರಿಸುವುದು ಮುನ್ನೆಚ್ಚರಿಕೆಯಲ್ಲ, ಚಿಕಿತ್ಸೆ, ಆ ಮಾತೇ ಬೇರೆ.

ಸುಮ್ನೆ ನುಂಗಿದ ಮಾತ್ರೆಯಿಂದ ಭೇದಿ ಹತ್ತಿ ಸೊರಗಿದ ಅಜ್ಜಿಯರನ್ನು ನೋಡಿ ಸಂಕಟಪಟ್ಟಿದ್ದೇನೆ. ಮದ್ದಿಗೆ ಬಗ್ಗದ ರೋಗಾಣು ಬೆಳೆಯುವುದೂ ಹೀಗೆಯೇ. ಅಮ್ಮನ ಸಕ್ಕರೆ ಹತೋಟಿಯಲ್ಲಿರಲಿ, ಡ್ರೆಸ್ಸಿಂಗ್ ಒದ್ದೆಯಾಗದಿರಲಿ. ಜ್ವರ ಬಂದರೆ, ಗಾಯ ಕೆಂಪಾದರೆ, ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.